ಹಾಡಿಗೆ ಅನ್ನ ಹಾಕಿದ ನಾಟಕ ಕಂಪನಿ

ನಾಟಕದವರೆಂದರೆ ಮೂಗು ಮುರಿಯುವ ಸಂಗೀತ ರಸಿಕರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ಒಮ್ಮೆ ನಮ್ಮ ಧಾರವಾಡ-ಗದಗ ಸೀಮೆಯ ಲೆಕ್ಕ ತೆಗೆದು ನೋಡಲಿ.

1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರ ಹುಡುಗನಾಗಿದ್ದಾಗಲೇ ನಾಟಕ ಕಂಪನಿ ಸೇರಿದವರು. ಮಿರಜಿನ ನೀಲಕಂಠಬುವಾ ಗುರುವಾದದ್ದು ಆಮೇಲೆ. ಮಂಜಿಖಾನ್, ಬುರ್ಜಿಖಾನ್ ಅದಕ್ಕೂ ಆಮೇಲೆ. 1992ರಲ್ಲಿ ಪದ್ಮವಿಭೂಷಣ ಬಂತು, ಅದೇ ವರ್ಷ ಅವರೂ ಹೋದರು.

ಏಣಗಿ ಬಾಳಪ್ಪನವರು ರಂಗ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಸೀರೆಯುಟ್ಟು ಸ್ತ್ರೀ ಪಾತ್ರ ಮಾಡಿದರು, ಹಾಡಿದರು, ಮುಂದೆ ಕಲಾವೈಭವ ನಾಟ್ಯ ಸಂಘ ಕಟ್ಟಿ ತಾವೇ ಮಾಲೀಕರಾದರು. 2017ರಲ್ಲಿ ತೀರಿಕೊಂಡಾಗ ವಯಸ್ಸು ನೂರು ದಾಟಿತ್ತು.

ಇನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮದ ಕತೆ ಕೇಳ್ರಿ. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಹುಡುಗರನ್ನು ಕೂಡಿಸಿಕೊಂಡು ಹಾಡು ಕಲಿಸಿದರು. ಸರಿ, ಅಷ್ಟು ಹೊಟ್ಟೆಗೆ ರೊಟ್ಟಿ ಎಲ್ಲಿಂದ ಬರಬೇಕು? ಗವಾಯಿಗಳು ನಾಟಕ ಕಂಪನಿಯನ್ನೇ ಕಟ್ಟಿದರು! ಟಿಕೀಟಿನ ದುಡ್ಡು ಆಶ್ರಮದ ಒಲೆಗೆ. ಜಾತಿ ಕೇಳದೆ ಉಣ್ಣಿಸುವ ಮನೆ ಅದು, ಖರ್ಚು ಸಣ್ಣದಲ್ಲ. 1944ರಲ್ಲಿ ಅವರು ಹೋದ ಮೇಲೆ ಎಲ್ಲ ಭಾರ ಶಿಷ್ಯ ಪುಟ್ಟರಾಜರ ಹೆಗಲಿಗೆ ಬಿತ್ತು. ಅವರಿಗೂ ಕೂಸಿದ್ದಾಗಲೇ ಕಣ್ಣು ಹೋಗಿದ್ದವು. ಆದರೂ ನಾಟಕ ಬರೆದರು, ಕಲಿಸಿದರು, ಬಗೆಬಗೆಯ ವಾದ್ಯ ನುಡಿಸಿದರು. 2010ರಲ್ಲಿ ತೀರಿಕೊಳ್ಳುವ ತನಕ ಆಶ್ರಮದ ಕೈ ಬಿಡಲಿಲ್ಲ.