ರೇಡಿಯೋ ಬಾಯಿ ಮುಚ್ಚಿಸುವ ಕಳ್ಳ ತರಂಗ: ತಡೆಯುವುದು ಹೇಗೆ?

ಜೀರಹಳ್ಳಿ: ಗಡಿಭಾಗದ ನಮಗೆ ಎರಡು ಭಾಷೆಯ ರೇಡಿಯೋ ಅಕ್ಕಪಕ್ಕದಲ್ಲೇ ಇದೆ. ಮೈಸೂರು ಆಕಾಶವಾಣಿಯ ಕನ್ನಡ ಎಫ್.ಎಂ. 100.6 ಮೆಗಾಹರ್ಟ್ಸ್‌ನಲ್ಲಿದ್ದರೆ, ಕೊಡೈಕೆನಾಲಿನ ತಮಿಳು ಎಫ್.ಎಂ. 100.5ರಲ್ಲಿದೆ. ದೂರದಿಂದ ಬರುವ ಸಿಗ್ನಲ್ ಬೆಟ್ಟದೂರಿಗೆ ಮುಟ್ಟುವಾಗ ದುರ್ಬಲವಾಗಿರುತ್ತದೆ. ಹತ್ತಿರದ ಯಂತ್ರವೊಂದರ ಬೇಡದ ತರಂಗ ಅದರ ಮೇಲೆ ಬಿದ್ದರೆ ವಾರ್ತೆಯೂ ಇಲ್ಲ, ಹಾಡೂ ಇಲ್ಲ.

ಒಂದು ಲೆಕ್ಕ ನೋಡಿ. ಹ್ಯಾಮ್ ರೇಡಿಯೋದವರು ಬಳಸುವ 50.3 ಮೆಗಾಹರ್ಟ್ಸ್ ತರಂಗವನ್ನು ಒಂದು ಸರ್ಕ್ಯೂಟ್ ತಯಾರಿಸುತ್ತಿದೆ ಎನ್ನಿ. ಅಲೆ ಶುದ್ಧವಾಗಿಲ್ಲದಿದ್ದರೆ ಅದರ ಎರಡರಷ್ಟು, ಮೂರರಷ್ಟು ಕಂಪನಾಂಕಗಳೂ ಜೊತೆಗೆ ಹೊರಡುತ್ತವೆ. ಇವೇ ಹಾರ್ಮೋನಿಕ್ಸ್. 50.3ರ ಎರಡರಷ್ಟು ಎಂದರೆ 100.6, ನೇರ ಮೈಸೂರು ಕೇಂದ್ರದ ಮೇಲೆ!

ಮಡಚಿ ಬರುವ ಅಲೆ

ಈಗ ತರಂಗ ತಯಾರಿಸಲು ಡಿಜಿಟಲ್ ಸಿಂಥೆಸೈಜರ್ ಬಳಸುವುದುಂಟು. 1971ರಲ್ಲಿ ಟಿಯರ್ನಿ, ರೇಡರ್, ಗೋಲ್ಡ್ ಎಂಬ ಮೂವರು ಅಮೆರಿಕದಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ದಾರಿ ಮಾಡಿತು. ಕ್ಲಾಕ್‌ನ ಪ್ರತಿ ಬಡಿತಕ್ಕೂ ಸರ್ಕ್ಯೂಟ್ ಅಲೆಯ ಒಂದು ಅಳತೆಯನ್ನು ಲೆಕ್ಕಹಾಕುತ್ತದೆ. ಡಿ.ಎ.ಸಿ. ಎಂಬ ಭಾಗ ಆ ಅಂಕಿಯನ್ನು ವೋಲ್ಟೇಜ್ ಆಗಿ ಬದಲಿಸುತ್ತದೆ. ಈ ಮೆಟ್ಟಿಲುಗಳು ಸಮವಾಗಿಲ್ಲದಿದ್ದರೆ ಹಾರ್ಮೋನಿಕ್ಸ್ ಹುಟ್ಟುತ್ತವೆ.

ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಕ್ಲಾಕ್‌ನ ಅರ್ಧಕ್ಕಿಂತ ಮೇಲಿನ ಹಾರ್ಮೋನಿಕ್ ಮಡಚಿಕೊಂಡು ಕೆಳಗೂ ಕಾಣಿಸಿಕೊಳ್ಳುತ್ತದೆ. ಕ್ಲಾಕ್ 180 ಇದ್ದರೆ, ಮೂರನೆಯ ಹಾರ್ಮೋನಿಕ್ 150.9 ಮಡಚಿ 29.1ಕ್ಕೆ ಬರುತ್ತದೆ. ಮೇಲಿನದನ್ನು ತಡೆಯುವ ಲೋ-ಪಾಸ್ ಫಿಲ್ಟರ್ 100.6ನ್ನು ಅಡಗಿಸುತ್ತದೆ. ಆದರೆ 29.1 ನಮಗೆ ಬೇಕಾದ 50.3ಕ್ಕಿಂತ ಕೆಳಗಿರುವುದರಿಂದ ಸಲೀಸಾಗಿ ದಾಟಿಹೋಗುತ್ತದೆ.

ಪರಿಹಾರವೇನು?

ಮೊದಲು ಕ್ಲಾಕ್ ಆರಿಸಿ, ಆಮೇಲೆ ಫಿಲ್ಟರ್. ಕ್ಲಾಕ್ 400 ಆದರೆ ಮೂರನೆಯದು 150.9ರಲ್ಲೇ ಉಳಿದು ಫಿಲ್ಟರ್‌ಗೆ ಸಿಗುತ್ತದೆ. ಇನ್ನೂ ಮೇಲಿನವು ಮಡಚಿ ಬಂದರೂ ಸಾಮಾನ್ಯವಾಗಿ ಅವುಗಳ ಬಲ ಕಡಿಮೆ. ಹೆಚ್ಚು ಬಿಟ್‌ನ, ಮೆಟ್ಟಿಲು ಸಮವಾಗಿರುವ ಡಿ.ಎ.ಸಿ. ಬಳಸುವುದು ಎರಡನೆಯ ಉಪಾಯ. ಅಂಕಿ ಮೊಟಕುಗೊಳಿಸುವಾಗ ಪದೇ ಪದೇ ಆಗುವ ತಪ್ಪನ್ನು, ಸ್ವಲ್ಪ ಯಾದೃಚ್ಛಿಕ ಅಂಕಿ ಬೆರೆಸಿ ಚದುರಿಸುವುದು ಮೂರನೆಯದು. ಇದಕ್ಕೆ ಡಿದರಿಂಗ್ ಎನ್ನುತ್ತಾರೆ.

ಕಾಲೇಜಿನ ಪ್ರಾಜೆಕ್ಟಿಗೆ ಇಂಥ ಸರ್ಕ್ಯೂಟ್ ಕಟ್ಟುವ ನಮ್ಮೂರ ಹುಡುಗ ಹುಡುಗಿಯರು ಒಂದು ಪರೀಕ್ಷೆ ಮಾಡಬಹುದು. ಪಕ್ಕದಲ್ಲಿ ರೇಡಿಯೋ ಇಟ್ಟು, ಸರ್ಕ್ಯೂಟನ್ನು ಆನ್ ಆಫ್ ಮಾಡಿ ನೋಡಿ. ಎಫ್.ಎಂ.ನಲ್ಲಿ ಬಲವಾದ ತರಂಗವೇ ಗೆಲ್ಲುತ್ತದೆ, ಹಾಗಾಗಿ ಗೊರಗೊರ ಸದ್ದು ಬರಲೇಬೇಕೆಂದಿಲ್ಲ. ಆನ್ ಮಾಡಿದೊಡನೆ ಹಾಡು ನಿಂತು ಮೌನವಾದರೆ, ಕಳ್ಳ ನಿಮ್ಮ ಮೇಜಿನ ಮೇಲೇ ಇದ್ದಾನೆ. ಗಾಳಿಗೆ ತರಂಗ ಬಿಡಲು ಮಾತ್ರ ಲೈಸೆನ್ಸ್ ಕಡ್ಡಾಯ.