ವೈರಲ್ ಫೋಟೋದಲ್ಲಿರುವ ‘ಆಕಾಶದ ತೂತು’ ನಿಜವಾಗಿ ಒಂದು ಮೋಡ

ನಕ್ಷತ್ರಗಳ ನಡುವೆ ಒಂದು ಕಪ್ಪು ಮಚ್ಚೆ. ಇದು ‘ಬೂಟೀಸ್ ಶೂನ್ಯ’, ಒಳಗೆ ಏನೂ ಇಲ್ಲ ಎಂಬ ಒಕ್ಕಣೆ. ಚಂದ್ರಾ ಲೇಔಟ್‌ನ ನಮ್ಮ ಫ್ಯಾಮಿಲಿ ಗ್ರೂಪ್‌ಗೂ ಈ ಫಾರ್ವರ್ಡ್ ಬಂತು.

ಬೂಟೀಸ್ ಶೂನ್ಯ ಕಟ್ಟುಕಥೆಯಲ್ಲ. ಅದು 1981ರಲ್ಲಿ ಪತ್ತೆಯಾದ, ಗ್ಯಾಲಕ್ಸಿಗಳು ಬಹಳ ವಿರಳವಾಗಿರುವ ದೂರದ ಪ್ರದೇಶ. ಫೋಟೋ ಮಾತ್ರ ಅದರದ್ದಲ್ಲ. ಅದರಲ್ಲಿರುವುದು ನಮ್ಮದೇ ಗ್ಯಾಲಕ್ಸಿಯ ‘ಬರ್ನಾರ್ಡ್ 68’ ಎಂಬ ಅನಿಲ ಮತ್ತು ಧೂಳಿನ ಮೋಡ. ದೂರ ಸುಮಾರು 500 ಜ್ಯೋತಿರ್ವರ್ಷ, ಅಗಲ ಸುಮಾರು ಅರ್ಧ ಜ್ಯೋತಿರ್ವರ್ಷ.

ಫೋಟೋ ನೋಡಿಯೇ ಅನುಮಾನ ಪಡಬಹುದಿತ್ತು. ಖಾಲಿ ಜಾಗ ಏನನ್ನೂ ಮರೆಮಾಡುವುದಿಲ್ಲ. ಕಿಟಕಿಯಿಂದ ಎದುರು ಮನೆ ಕಾಣದಿದ್ದರೆ ನಡುವೆ ಪರದೆ ಇದೆ ಎಂದೇ ಅರ್ಥ. ನಿಜವಾದ ಶೂನ್ಯದ ಕಡೆ ಕ್ಯಾಮೆರಾ ತಿರುಗಿಸಿದರೆ ಅದರ ಮುಂದಿನ, ಹಿಂದಿನ ನಕ್ಷತ್ರ, ಗ್ಯಾಲಕ್ಸಿಗಳೆಲ್ಲ ಕಾಣುತ್ತವೆ.

ಹಾಗಾದರೆ ಕತ್ತಲ ಮೋಡದ ಒಳಗನ್ನು ಅಳೆಯುವುದು ಹೇಗೆ? ಹಿಂದಿರುವ ನಕ್ಷತ್ರಗಳೇ ಟಾರ್ಚ್. ಧೂಳು ನೀಲಿ ಬೆಳಕನ್ನು ಹೆಚ್ಚು ತಡೆಯುತ್ತದೆ, ಕೆಂಪನ್ನು ಕಡಿಮೆ. ಹಾಗಾಗಿ ಮೋಡದ ಅಂಚಿನ ಹಿಂದಿನ ನಕ್ಷತ್ರ ತುಸು ಕೆಂಪಾಗಿ ಕಾಣುತ್ತದೆ, ಒಳಗೆ ಹೋದಂತೆ ಕೆಂಪು ಹೆಚ್ಚುತ್ತದೆ, ನಡುವೆ ಏನೂ ಕಾಣುವುದಿಲ್ಲ. ಆದರೆ ಇನ್‌ಫ್ರಾರೆಡ್ ಬೆಳಕು (ಟಿವಿ ರಿಮೋಟ್ ಬಳಸುವ ಜಾತಿಯದ್ದೇ) ಧೂಳನ್ನು ದಾಟಿ ಬರುತ್ತದೆ. 2001ರಲ್ಲಿ ಝೋವಾವ್ ಆಲ್ವೆಸ್ ಮತ್ತು ಸಂಗಡಿಗರು ಹೀಗೆ ಸಾವಿರಾರು ನಕ್ಷತ್ರಗಳನ್ನು ಅಳೆದು, ಈ ಮೋಡ ಎಲ್ಲಿ ಎಷ್ಟು ದಟ್ಟ ಎಂಬ ನಕ್ಷೆ ಮಾಡಿದರು. ಅಂಚಿನಲ್ಲಿ ತೆಳು, ನಡುವೆ ದಟ್ಟ. ತನ್ನದೇ ಗುರುತ್ವ ಒಳಕ್ಕೆ ಎಳೆಯುತ್ತಿದ್ದರೆ ಅನಿಲದ ಒತ್ತಡ ಹೊರಕ್ಕೆ ತಳ್ಳುತ್ತಿದೆ.

ಬಣ್ಣ ಮಾತ್ರವಲ್ಲ, ಬೆಳಕು ಕಂಪಿಸುವ ದಿಕ್ಕೂ ಸುಳಿವು ಕೊಡುತ್ತದೆ. ಕೆಲವು ನಕ್ಷತ್ರಗಳ ಬೆಳಕು ಒಂದೇ ದಿಕ್ಕಿಗೆ ವಾಲಿರಬೇಕು ಎಂದು ಸುಬ್ರಹ್ಮಣ್ಯನ್ ಚಂದ್ರಶೇಖರ್ ಲೆಕ್ಕ ಹಾಕಿದ್ದರು. ಅದನ್ನು ಹುಡುಕಲು ಹೋದ ಹಿಲ್ಟ್ನರ್ ಮತ್ತು ಹಾಲ್‌ಗೆ 1949ರಲ್ಲಿ ಸಿಕ್ಕಿದ್ದು ಬೇರೆಯೇ: ಬೆಳಕನ್ನು ವಾಲಿಸುತ್ತಿದ್ದದ್ದು ದಾರಿಯಲ್ಲಿನ ಧೂಳು! ಈಗ ಆ ವಾಲಿಕೆಯಿಂದಲೇ ಮೋಡಗಳೊಳಗಿನ ಕಾಂತಕ್ಷೇತ್ರದ ದಿಕ್ಕು ತಿಳಿಯುತ್ತಾರೆ.

ಅದೇ ಚಂದ್ರಶೇಖರ್ ಹೆಸರಿನ ‘ಹಿಮಾಲಯನ್ ಚಂದ್ರ ಟೆಲಿಸ್ಕೋಪ್’ ಲಡಾಖ್‌ನ ಹಾನ್ಲೆಯಲ್ಲಿದೆ. ನಡೆಸುವುದು ನಮ್ಮ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಇನ್‌ಫ್ರಾರೆಡ್‌ನಲ್ಲೂ ಅದು ನೋಡಬಲ್ಲದು.

ಗ್ರೂಪ್‌ನಲ್ಲಿ ಇಷ್ಟನ್ನು ಬರೆದ ಮೇಲೆ ಚಿಕ್ಕಪ್ಪನ ಪ್ರಶ್ನೆ: ಮೋಡ ಅಂದಮೇಲೆ ಮಳೆ ಬರುತ್ತಾ? ಮಳೆಯಲ್ಲ ಚಿಕ್ಕಪ್ಪ, ತನ್ನದೇ ಭಾರಕ್ಕೆ ಕುಸಿದರೆ ಅದೇ ಒಂದು ನಕ್ಷತ್ರವಾಗುತ್ತದೆ. ಒಂದು ಅಂದಾಜಿನಂತೆ ಇನ್ನು ಸುಮಾರು 2 ಲಕ್ಷ ವರ್ಷಕ್ಕೆ.