ಮೆದೆಯ ಮುಂದಿನ ಹಸಿವು

ಸುಗ್ಗಿ ಮುಗಿಯಿತೆಂದರೆ ಶ್ರೀರಂಗಪಟ್ಟಣದ ಸಮೀಪದ ಬಾಬುರಾಯನಕೊಪ್ಪಲಿನಂತಹ ಊರುಗಳಲ್ಲಿ ಭತ್ತದ ಹುಲ್ಲಿನ ಮೆದೆಗಳು ಏಳುತ್ತವೆ. ಅವುಗಳನ್ನು ಕಂಡವರಿಗೆ ಇಲ್ಲಿಯ ದನಗಳಿಗೆ ಮೇವಿನ ಕೊರತೆಯೇ ಇರಲಾರದೆಂದು ತೋರುವುದು ಸಹಜ. ಆದರೆ ಬರಿಯ ಭತ್ತದ ಹುಲ್ಲನ್ನೇ ತಿಂದ ಹಸು ಹೊಟ್ಟೆ ತುಂಬಿದ್ದರೂ ಸೊರಗುತ್ತದೆ, ಅದರ ಹಾಲು ಇಳಿಯುತ್ತದೆ, ಗಬ್ಬವಾಗುವುದೂ ತಡವಾಗುತ್ತದೆ.

ಇದಕ್ಕೆ ಕಾರಣ ಹಸುವಿನ ಹೊಟ್ಟೆಯಲ್ಲಿಯೇ ಇದೆ. ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ನೆಲಸಿರುತ್ತವೆ. ನಾರನ್ನು ಕರಗಿಸಿ ಆಹಾರವಾಗಿಸುವ ಕೆಲಸ ಅವುಗಳದು. ಹಸುವನ್ನು ಸಾಕುವುದೆಂದರೆ ಮೊದಲು ಈ ಜೀವಿಗಳನ್ನು ಸಾಕುವುದೇ ಸರಿ. ಅವುಗಳ ಬೆಳವಣಿಗೆಗೆ ಸಾರಜನಕ ಬೇಕು. ಭತ್ತದ ಹುಲ್ಲಿನಲ್ಲಾದರೋ ಸಸಾರಜನಕವು ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ. ಅದರಲ್ಲಿರುವ ಸಿಲಿಕವು ನಾರನ್ನು ಅರಗಗೊಡುವುದಿಲ್ಲ. ಆಕ್ಸಲೇಟ್ ಎಂಬ ಅಂಶವು ಸುಣ್ಣವನ್ನು ಬಿಗಿಹಿಡಿದು ದೇಹಕ್ಕೆ ದಕ್ಕದಂತೆ ಮಾಡುತ್ತದೆ.

ರಾಗಿಹುಲ್ಲು ಇದಕ್ಕಿಂತ ಮೇಲು. ಅದು ಚೆನ್ನಾಗಿ ಅರಗುತ್ತದೆ. ಅದರಲ್ಲಿ ಸುಣ್ಣದ ಅಂಶವೂ ಹೆಚ್ಚು. ಹಳ್ಳಿಕಾರ್ ಎತ್ತುಗಳನ್ನು ಸಾಕಿದ ಹಿರಿಯರು ರಾಗಿಹುಲ್ಲನ್ನೂ ಬೇಯಿಸಿದ ಹುರುಳಿಯನ್ನೂ ನಂಬಿದ್ದುದು ಬರಿಯ ರೂಢಿಯಿಂದಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು; ಮುಂದೆ ನಾಲೆಗಳ ನೀರು ಹರಿದಂತೆ ಅನೇಕ ರಾಗಿಯ ಹೊಲಗಳು ಭತ್ತದ, ಕಬ್ಬಿನ ಗದ್ದೆಗಳಾದುವು. ಮನುಷ್ಯನ ಸಂಪಾದನೆ ಹೆಚ್ಚಿತು; ಎತ್ತಿನ ಊಟ ಬದಲಾದುದನ್ನು ಗಮನಿಸಿದವರು ಕಡಮೆ. ಗದ್ದೆಯ ಬದುವಿನ ಅಗಸೆ ಸೊಪ್ಪು, ಅಲಸಂದೆಯ ಹಸಿಮೇವು, ತೌಡು, ಹಿಂಡಿ ಇವು ಆ ಕೊರತೆಯನ್ನು ತುಂಬಬಲ್ಲವು. ಹಿಂಡಿಯ ಬೆಲೆ ಮಾತ್ರ ಬಡ ರೈತನ ಕೈಗೆ ಎಟುಕುವಂತಹುದಲ್ಲ.

ಆದುದರಿಂದ ಹುಲ್ಲನ್ನೇ ಹದಗೊಳಿಸುವ ವಿಧಾನವೊಂದನ್ನು ಪಶುವಿಜ್ಞಾನಿಗಳು ರೂಢಿಗೆ ತಂದರು. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ ಸಾಕು. ಅದನ್ನು ಸುಮಾರು ಐವತ್ತು ಲೀಟರ್ ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ಹುಲ್ಲನ್ನು ಪದರ ಪದರವಾಗಿ ಹರಡುತ್ತ ಸಮನಾಗಿ ಚಿಮುಕಿಸಬೇಕು. ಪ್ರತಿಯೊಂದು ಪದರವನ್ನೂ ತುಳಿದು ಗಾಳಿಯನ್ನು ಹೊರಹಾಕಿ, ಕೊನೆಗೆ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ ಮೂರು ವಾರ ಬಿಡಬೇಕು. ಒಳಗೆ ಹುಟ್ಟುವ ಅಮೋನಿಯಾ ನಾರನ್ನು ಸಡಿಲಗೊಳಿಸುತ್ತದೆ. ಸಾರಜನಕವೂ ಹುಲ್ಲಿಗೆ ಸೇರುತ್ತದೆ.

ಇಲ್ಲಿ ಅಜಾಗರೂಕತೆಗೆ ಎಡೆಯಿಲ್ಲ. ಉಳಿದ ಯೂರಿಯಾ ನೀರನ್ನು ದನ ಕುಡಿದರೆ ಅಮೋನಿಯಾ ರಕ್ತಕ್ಕೆ ಸೇರಿ ಸ್ವಲ್ಪ ಹೊತ್ತಿನಲ್ಲಿಯೇ ಪ್ರಾಣ ಹೋಗಬಹುದು. ಆರು ತಿಂಗಳೊಳಗಿನ ಕರುಗಳಿಗೆ ಈ ಮೇವು ಸಲ್ಲದು. ಹೊರತೆಗೆದ ಹುಲ್ಲನ್ನು ಒಂದು ಗಂಟೆಯಾದರೂ ಗಾಳಿಗೆ ಹರಡಿ, ಬಳಿಕ ಗೋದಲಿಗೆ ಹಾಕಬೇಕು. ಮೊದಲ ದಿನ ಹಸು ಅದರ ಘಾಟಿಗೆ ಮೂತಿ ತಿರುಗಿಸುವುದುಂಟು. ಮಾಮೂಲು ಹುಲ್ಲಿನೊಡನೆ ಸ್ವಲ್ಪ ಸ್ವಲ್ಪವೇ ಬೆರಸಿ ಕೊಟ್ಟರೆ ವಾರದೊಳಗೆ ಒಗ್ಗಿಕೊಳ್ಳುತ್ತದೆ.